ಹಾಓರಿಯ ಒಳಮೈ

ಕುಂಬಳಕಾಯಿ ಕದಿಯದವನೂ ಬೆನ್ನು ಮುಟ್ಟಿ ನೋಡಿಕೊಂಡನಂತೆ! ಜಪಾನಿನ ಕನಜಾವಾದಲ್ಲಿ ನಡೆದ ನಿಜಸಂಗತಿ ಇದು.

ಕೇರಿಯ ಹೊಸ ಮುಖ್ಯಸ್ಥ ತೊಕುಜೊ ಹೊಸವರ್ಷದ ಕೂಟಕ್ಕೆ ಹೊರಟಿದ್ದ. ಬಟ್ಟೆಯ ಮೇಲೆ ಚಿತ್ರ ಬರೆಯುವ ಬಣ್ಣಗಾರ ಗೆಳೆಯ ಇಸಬುರೊ ಕೊಟ್ಟ ಹಳೆಯ ಕಪ್ಪು ರೇಷ್ಮೆಯ ಮೇಲಂಗಿಯನ್ನು, ಅಂದರೆ ಹಾಓರಿಯನ್ನು, ಹೆಂಡತಿ ಸುಗಿಯೆ ನೋಡಲೂ ಬಿಡದೆ ಹಿಂದಿನಿಂದ ತೊಡಿಸಿದಳು.

“ಆ ಜಿಪುಣ ಸುಮ್‌ಸುಮ್ನೆ ಕೊಟ್ನಾ? ಎಲ್ಲೋ ತೂತಿರ್ಬೇಕು ಕಣೇ.”

“ಕತ್ತುಪಟ್ಟಿ ಹೊರಗೆ ಮಡಚ್ಕೊಳ್ರೀ, ದಾರ ಎದೆ ಮೇಲೆ ಕಟ್ಕೊಳ್ಳಿ. ಎಲ್ರ ಮುಂದೆ ಮಾತ್ರ ಬಿಚ್ಬೇಡಿ.”

ಅನುಮಾನ ಇನ್ನಷ್ಟು ಬಲಿಯಿತು. ಕೂಟದಲ್ಲಿ ‘ಸಾಕೆ’ ಎಂಬ ಅಕ್ಕಿಮದ್ಯ ಬಗ್ಗಿಸುವವರೆಲ್ಲ ಅವನ ಬೆನ್ನು ನೋಡಿ ಕೆಮ್ಮುತ್ತಿದ್ದರು. ಮೊದಲ ದಿನವೇ ಮರ್ಯಾದೆ ಹೋದರೆ ಮುಂದೆ ತನ್ನ ಮಾತು ಕೇಳುವವರಾರು?

“ಏನ್ ಯಜಮಾನ್ರೇ, ಬೆನ್ನು ಕಡೀತಿದ್ಯಾ?” ಎಂದ ಇಸಬುರೊ.

ತಡೆಯಲಾರದೆ ತೊಕುಜೊ ಹಾಓರಿ ಬಿಚ್ಚಿ, ಬೆನ್ನಿನ ಹೊರಭಾಗವನ್ನು ತನ್ನತ್ತ ಹಿಡಿದು ಪರೀಕ್ಷಿಸಿದ. ಕಲೆಯಿಲ್ಲ, ತೂತಿಲ್ಲ. ಆದರೆ ಗಂಡಸರ ಹಾಓರಿಯ ಬೆಡಗೆಲ್ಲ ಒಳಗಿನ ಅಸ್ತರಿನಲ್ಲೇ ಅಲ್ಲವೆ? ಅದೀಗ ಸಭೆಯತ್ತ ತಿರುಗಿತ್ತು. ಅಲ್ಲಿ ಇಸಬುರೊ ಬರೆದ ಚಿತ್ರದಲ್ಲಿ ತೊಕುಜೊ, ಹಾಓರಿಯೊಂದಕ್ಕೆ ಮೂಗು ತಾಗಿಸಿ ತೂತು ಹುಡುಕುತ್ತಿದ್ದ!

ಸಭೆ ಗೊಳ್ಳೆಂದಿತು. ತೊಕುಜೊ ತಿರುಗಿಸಿ ನೋಡಿದ.

“ಲೋ ಪಾಪಿ, ಮೂಗೂ ನಂದೇ ಕಣೋ!” ಎಂದವನ ನಗು ಎಲ್ಲರ ನಗುವನ್ನೂ ಮುಳುಗಿಸಿತು.