ಎರಡು ಕುಣಿ

ಅಕ್ಕನ ಕಾಲಿನ ಎರಡೂ ಹೆಬ್ಬೆರಳುಗಳನ್ನು ಜೋಡಿಸಿ ಬಿಳಿ ಬಟ್ಟೆಯ ಪಟ್ಟಿ ಕಟ್ಟುತ್ತಿದ್ದ ರಾಯಪ್ಪನಿಗೆ ಗಂಟು ಕೂಡುತ್ತಿರಲಿಲ್ಲ. ಬಿಗಿ ಮಾಡಿದರೆ ನೋಯುತ್ತದೇನೋ ಎಂದು ಸಡಿಲಿಸುತ್ತಿದ್ದ. ಸಡಿಲಾದೊಡನೆ ಕಾಲುಗಳು ಮೆಲ್ಲಗೆ ಅಗಲವಾಗುತ್ತಿದ್ದವು. ಮೂರನೆಯ ಸಲ ಬಿಚ್ಚುವಾಗ ಬಾಗಿಲಲ್ಲಿ ಯಾರೋ ಕೆಮ್ಮಿದರು. ಕಲ್ಲುಗಣಿಯ ಹಳೆಯ ಮೇಸ್ತ್ರಿ ಸವೇರಪ್ಪ. ರುಮಾಲಿನಿಂದ ಹಿಮ್ಮಡಿಯವರೆಗೆ ಮಣ್ಣು.

“ಕುಣಿ ಆತು ತಮ್ಮಾ,” ಎಂದರು. “ನಮ್ಮ ಚಿಕ್ಕ ಗುಡಿ ಹಿಂದ. ಒಳಗ ಕಲ್ಲು ಹತ್ತಿತ್ತು, ಒಡದು ತಗದ್ವಿ.”

ರಾಯಪ್ಪ ತಲೆಯಾಡಿಸಿದ. ಮತ್ತೆ ಪಟ್ಟಿ ಹಿಡಿಯುವಷ್ಟರಲ್ಲಿ ಜೋಜಪ್ಪ ಬಂದ. ಈ ಮರಾಠಿ ಸೀಮೆಯ ಭೋಸರಿಯಲ್ಲಿ, ಕಾರ್ಖಾನೆಯೊಂದರಲ್ಲಿ ಲೇಥ್ ನಡೆಸುವವನು. ಮಡಚಿದ ಪ್ಯಾಂಟು, ಅಂಗೈಯಲ್ಲಿ ಎದ್ದ ಬೊಬ್ಬೆ.

“ರಾಯಪ್ಪಣ್ಣ, ಕುಣಿ ತಯಾರ ಅದ. ದೊಡ್ಡ ಗುಡಿ ಸ್ಮಶಾನದಾಗ ಫಾದರ್ ಚಲೋ ಜಾಗಾ ಕೊಟ್ಟಾರ.”

ಹೆಣದ ಆಚೆಗೊಬ್ಬರು, ಈಚೆಗೊಬ್ಬರು ನಿಂತರು. ಏಳು ವರ್ಷಗಳಿಂದ ಅವರ ನಡುವೆ ಮಾತಿಲ್ಲ. ಈಗಲೂ ಇಬ್ಬರೂ ರಾಯಪ್ಪನನ್ನೇ ನೋಡಿದರು.

ತಪ್ಪು ಅವನದೇ. ನಿನ್ನೆ ಮಧ್ಯಾಹ್ನ ಅಕ್ಕ ಆಗ್ನೇಸವ್ವ ತೀರಿಕೊಂಡಳು. ಸಂಜೆ ಸವೇರಪ್ಪ ಬಂದು ಕುಣಿ ತೋಡಲೇನು ಎಂದು ಕೇಳಿದಾಗ ಅವನು ತಲೆಯಾಡಿಸಿದ್ದ. ಅದಾಗಿ ಸ್ವಲ್ಪ ಹೊತ್ತಿಗೆ ಜೋಜಪ್ಪನೂ ಅದನ್ನೇ ಕೇಳಿದಾಗ ಅವನಿಗೂ ತಲೆಯಾಡಿಸಿದ್ದ. ಎದುರಿಗೆ ನಿಂತವರಿಗೆ ಬೇಡ ಎನ್ನುವುದು ನಲವತ್ತೆರಡು ವರ್ಷದಲ್ಲಿ ಅವನಿಗೆ ಬಂದಿರಲಿಲ್ಲ. ಮೊದಲೇ ಒಪ್ಪಿದ್ದೇನೆಂದು ಹೇಳಬೇಕಿತ್ತು. ಹೇಳುವ ಮಾತನ್ನು ಮನಸ್ಸಿನಲ್ಲಿ ನಾಲ್ಕು ಬಗೆಯಲ್ಲಿ ಜೋಡಿಸಿ ನೋಡುವಷ್ಟರಲ್ಲಿ ಜೋಜಪ್ಪ ಹೋಗಿಬಿಟ್ಟಿದ್ದ.

ಪಕ್ಕದ ಮನೆಯ ಮಾನಮ್ಮ ನೀರಿನ ಕೊಡ ಇಳಿಸಿದಳು. ಯಾದಗಿರಿ ಕಡೆಯ ಹಿಂದೂ ಹೆಂಗಸು. ಇಪ್ಪತ್ತು ವರ್ಷದಿಂದ ಅಕ್ಕನ ಒಲೆಯ ಕೆಂಡ ಒಯ್ದು ತನ್ನ ಒಲೆ ಹೊತ್ತಿಸಿದವಳು.

“ಸತ್ತಾಕಿ ಒಬ್ಬಾಕಿ, ಕುಣಿ ಎರಡು,” ಎಂದಳು. “ಆಗ್ನೇಸಕ್ಕಗ ಬದುಕಿದ್ದಾಗ ಒಂದು ಖೋಲಿ ಗಟ್ಟಿ ಸಿಗಲಿಲ್ಲ. ಈಗ ನೋಡು, ಬಂಗಲೆ ಎರಡು.”

ಯಾರೂ ನಗಲಿಲ್ಲ. ಅವಳೂ ನಗಲಿಲ್ಲ. ಸೆರಗಿನಿಂದ ಕೈ ಒರೆಸಿಕೊಳ್ಳುತ್ತ, ತಗ್ಗಿದ ದನಿಯಲ್ಲಿ, ಉಳಿದ ಕುಣಿಯನ್ನು ಏನು ಮಾಡುವಿರಿ ಎಂದು ಕೇಳಿದಳು. ಹೆಸರಿಟ್ಟು ತೋಡಿದ ಕುಣಿ ಖಾಲಿ ಕೂರುವುದಿಲ್ಲ. ಹೊತ್ತು ಮುಳುಗುವುದರೊಳಗೆ ಅದರಲ್ಲಿ ಒಂದು ಕಲ್ಲನ್ನಾದರೂ ಮಲಗಿಸಿ ಮುಚ್ಚದಿದ್ದರೆ ಅದೇ ಕೇರಿಯ ಇನ್ನೊಬ್ಬರನ್ನು ಕರೆಯುತ್ತದೆ. ಮುದಗಲ್ಲಿನಿಂದ ಯಾದಗಿರಿಯವರೆಗೆ ಯಾವ ದೇವರಿಗೆ ಕೈಮುಗಿಯುವವರಾದರೂ ಇದನ್ನು ನಂಬುತ್ತಿದ್ದರು. ಫಾದರ್ ಎಷ್ಟು ಬೈದರೂ ನಂಬುತ್ತಿದ್ದರು.

ಫಾದರ್ ಹನ್ನೊಂದಕ್ಕೆ ಬರುವವರಿದ್ದರು. ಅಷ್ಟರಲ್ಲಿ ಯಾವ ಕುಣಿಯೆಂದು ಹೇಳು ಎಂದು ಸವೇರಪ್ಪ ಹೊರಗೆ ಕುಳಿತರು. ಜೋಜಪ್ಪನೂ ಕುಳಿತ, ನಡುವೆ ನಾಲ್ಕು ಜನರಿಗಾಗುವಷ್ಟು ಜಾಗ ಬಿಟ್ಟು. ಹೊರಗೆ ಮಾಘದ ಮಂಜು ಇನ್ನೂ ಗಣಿಯ ಹೊಂಡದ ಮೇಲೆ ಹತ್ತಿಯಂತೆ ಅಂಟಿಕೊಂಡಿತ್ತು. ನಿದ್ದೆಗೆಟ್ಟ ರಾಯಪ್ಪನಿಗೆ ಎಲ್ಲವೂ ನೀರಿನೊಳಗಿನಿಂದ ಕೇಳಿದಂತಾಗುತ್ತಿತ್ತು: ಕಾರ್ಖಾನೆಯ ಭೋಂಗಾದ ಕೂಗು, ಹೆಂಗಸರ ಅಳು, ದೂರದಲ್ಲಿ ಕಲ್ಲಿಗೆ ಬೀಳುವ ಸುತ್ತಿಗೆ.

*

ಏಳು ವರ್ಷದ ಹಿಂದೆ, ಎಪ್ಪತ್ತೇಳರಲ್ಲಿ, ಚಿಕ್ಕ ಗುಡಿಯಲ್ಲಿ ಎಲ್ಲರೂ ಸೇರಿದ ಆ ಭಾನುವಾರವೂ ಇಂಥದೇ ಮಂಜು. ಗಣಿಯಲ್ಲಿ ದುಡಿಯಲು ಬಂದ ಮುದಗಲ್ಲಿನ ಕ್ರೈಸ್ತರು ತಮ್ಮ ಕೈಯಾರೆ ಕಟ್ಟಿಕೊಂಡ ಇಗರ್ಜಿ ಅದು; ಅವರ ಬಾಯಲ್ಲಿ ಚಿಕ್ಕ ಗುಡಿ. ಗೋಡೆಯ ಒಂದೊಂದು ಕಲ್ಲನ್ನೂ ಯಾರು ಒಡೆದದ್ದೆಂದು ಹೇಳುವವರಿದ್ದರು. ಅಲ್ಲಿ ಜಪವೂ ಹಾಡೂ ಕನ್ನಡದಲ್ಲಿ. ಪೀಠದ ಬಟ್ಟೆ ಒಗೆದು, ಗಂಜಿ ಹಾಕಿ, ಮಡಚಿ ತರುವ ಕೆಲಸ ಆಗ್ನೇಸವ್ವನದು. ಗಂಡ ಗಣಿಯಲ್ಲಿ ಸತ್ತ ಮೇಲೆ ಅವಳು ಬುಟ್ಟಿ ಹೊತ್ತಳು, ಆಮೇಲೆ ಕಾರ್ಖಾನೆಯ ಕ್ಯಾಂಟೀನಿನಲ್ಲಿ ರೊಟ್ಟಿ ಬಡಿದಳು, ತಮ್ಮನನ್ನು ರಾತ್ರಿ ಶಾಲೆಗೆ ಕಳಿಸಿದಳು. ಅವನು ಓದುವಾಗ ಕಂದೀಲಿನ ಆಚೆ ಕುಳಿತು ಅವನ ತುಟಿಗಳನ್ನೇ ನೋಡುತ್ತಿದ್ದಳು.

ಎರಡು ಗುಡಿಗೆ ಇನ್ನು ಒಬ್ಬರೇ ಗುರು, ನಲವತ್ತು ಮನೆಗಾಗಿ ಬೇರೆ ಧರ್ಮಕೇಂದ್ರ ಇರಿಸಲು ಆಗುವುದಿಲ್ಲ, ಎಂಟು ಕಿಲೋಮೀಟರ್ ಆಚೆಯ ದೊಡ್ಡ ಗುಡಿಯೊಂದಿಗೆ ಕೂಡಿಕೊಳ್ಳಿ ಎಂದು ಮೇಲಿನವರಿಂದ ಅಪ್ಪಣೆ ಬಂದಿತ್ತು. ಜನರ ಒಪ್ಪಿಗೆಯ ಕಾಗದ ಬೇಕಾಗಿತ್ತು. ಬರೆಯಬಲ್ಲವನು ರಾಯಪ್ಪ. ಫಾದರ್ ಮರಾಠಿಯಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ದುಂಡಗೆ ಬರೆದ. ಸವೇರಪ್ಪ, ಜೋಜಪ್ಪ, ಮುದುಕಿಯರು, ಎಲ್ಲರೂ ನೆಲದ ಮೇಲೆ ಕುಳಿತಿದ್ದರು. ಅವನು ಎದ್ದು ನಿಂತು ಓದಿದ.

ಕೊನೆಯ ಸಾಲು ಹೀಗಿತ್ತು: ಇನ್ನು ಮುಂದೆ ಈ ಚಿಕ್ಕ ಗುಡಿಯಲ್ಲಿ ಪೂಜೆ ನಡೆಯುವುದಿಲ್ಲ, ಬಾಗಿಲಿಗೆ ಬೀಗ ಹಾಕಲಾಗುವುದು.

ಅದರ ಹತ್ತಿರ ಬರುವಾಗ ಸವೇರಪ್ಪನವರ ಮುಖ ಕಂಡಿತು. ಈಗ ಗಲಾಟೆಯಾಗುತ್ತದೆ, ಫಾದರ್ ನೊಂದುಕೊಳ್ಳುತ್ತಾರೆ, ಆಮೇಲೆ ಒಬ್ಬೊಬ್ಬರಿಗೇ ಸಮಾಧಾನವಾಗಿ ಹೇಳಿದರಾಯಿತು ಎಂದುಕೊಂಡ. ಆ ಸಾಲನ್ನು ಬಿಟ್ಟು ಕಾಗದ ಮಡಚಿದ. ಅವನ ಮೇಲಿನ ನಂಬಿಕೆಯಿಂದ ಎಲ್ಲರೂ ಹೆಬ್ಬೆಟ್ಟು ಒತ್ತಿದರು.

ಮುಂದಿನ ತಿಂಗಳು ಬೀಗ ಬಿತ್ತು. ನೀವು ಒಪ್ಪಿದ ಕಾಗದದಲ್ಲೇ ಹಾಗೆ ಬರೆದಿದೆ ಎಂದರು ಫಾದರ್. ಫಾದರರ ಜೊತೆ ಓಡಾಡುತ್ತಿದ್ದ ಜೋಜಪ್ಪನೇ ಆಮೇಲೆ ಸಾಲು ಸೇರಿಸಿರಬೇಕು ಎಂದು ಸವೇರಪ್ಪ ಎಲ್ಲರೆದುರು ಅಂದರು. ದೊಡ್ಡ ಗುಡಿಯ ಹೊಸ್ತಿಲು ತುಳಿಯುವುದಿಲ್ಲವೆಂದು ಆಣೆ ಮಾಡಿದರು. ಕೇರಿ ಎರಡಾಯಿತು. ಅರ್ಧ ಜನ ಬಸ್ಸು ಹತ್ತಿ ದೊಡ್ಡ ಗುಡಿಗೆ ಹೋದರು, ಅಲ್ಲಿ ಮರಾಠಿಯ ಪೂಜೆಗೆ ಹಿಂದಿನ ಬೆಂಚಿನಲ್ಲಿ ಕುಳಿತರು. ಉಳಿದರ್ಧ ಬೀಗದ ಬಾಗಿಲ ಮುಂದೆ ಸಂಜೆ ಸಂಜೆ ಜಪಸರ ಹೇಳಿದರು. ಮದುವೆಗೂ ಒಬ್ಬರನ್ನೊಬ್ಬರು ಕರೆಯಲಿಲ್ಲ.

ಕಾಗದ ಓದಿದ ದಿನವೇ ಅಕ್ಕ ಅನ್ನ ಬಡಿಸುತ್ತ ಕೇಳಿದ್ದಳು:

“ಕಡೀಗೆ ಒಂದು ಸಾಲು ಬಿಟ್ಟಿ ಅಲ್ಲೇನು?”

“ನಿನಗ ಹ್ಯಾಂಗ ಗೊತ್ತು?”

“ನಿನ್ನ ಕಣ್ಣು ಕೆಳಗ ಹೋದ್ವು. ತುಟಿ ಹೋಗಲಿಲ್ಲ.”

ಮತ್ತೆ ಆ ವಿಷಯ ಎತ್ತಲಿಲ್ಲ. ಆದರೆ ಅವಳ ಭಾನುವಾರಗಳು ಬದಲಾದವು. ಬೆಳಿಗ್ಗೆ ಐದಕ್ಕೆ ಎದ್ದು ಮುದುಕಿಯರನ್ನು ಕೈಹಿಡಿದು ಬಸ್ಸಿಗೆ ಹತ್ತಿಸಿ ದೊಡ್ಡ ಗುಡಿಗೆ ಒಯ್ಯುವಳು. ಸಂಜೆ ಬಂದು ಬೀಗದ ಬಾಗಿಲ ಮುಂದೆ ಕಸ ಗುಡಿಸಿ, ಸವೇರಪ್ಪನವರ ಜಪಸರಕ್ಕೆ ಕುಳಿತು ಓಗೊಡುವಳು. ಅತ್ತಣ ಬಾಣಂತಿಯ ಸುದ್ದಿ ಇತ್ತ, ಇತ್ತಣ ಉಪ್ಪಿನಕಾಯಿ ಅತ್ತ. ಎರಡೂ ಕಡೆಯವರು ಅವಳನ್ನು ತಮ್ಮವಳೆಂದೇ ತಿಳಿದರು. ನೀನು ಯಾರ ಕಡೆ ಎಂದು ಕೇಳಿದರೆ ನನಗ ಕಾಲು ಎರಡದಾವಲ್ಲ ಎನ್ನುತ್ತಿದ್ದಳು. ಏಳು ವರ್ಷ. ಆ ಕಾಲುಗಳು ಬಾತುಕೊಂಡಾಗಲೂ ನಿಲ್ಲಲಿಲ್ಲ. ತಾನು ನುಂಗಿದ ಸಾಲನ್ನು ಅಕ್ಕ ನಡೆದು ತೀರಿಸುತ್ತಿದ್ದಾಳೆಂದು ರಾಯಪ್ಪನಿಗೆ ಗೊತ್ತಿತ್ತು. ಪ್ರತಿ ಭಾನುವಾರ ಇವತ್ತು ಹೇಳಿಬಿಡಬೇಕು ಎಂದುಕೊಂಡು ಅಂಗಿ ತೊಡುತ್ತಿದ್ದ. ಪ್ರತಿ ಭಾನುವಾರ ಹಾಗೇ ಅಂಗಿ ಕಳಚುತ್ತಿದ್ದ.

*

ಹನ್ನೊಂದಾಯಿತು. ಫಾದರ್ ಸ್ಕೂಟರ್ ನಿಲ್ಲಿಸಿ ಒಳಗೆ ಬಂದು ಶಿಲುಬೆಯ ಗುರುತು ಮಾಡಿದರು. ಎರಡು ಕುಣಿಯ ಸಂಗತಿ ಅವರಿಗೂ ಮುಟ್ಟಿತ್ತು. ಎರಡೂ ಜಾಗ ಮಂತ್ರಿಸಿದ ನೆಲವೇ, ತಮ್ಮದೇನೂ ತಕರಾರಿಲ್ಲ, ಒಡಹುಟ್ಟಿದವನು ಹೇಳಿದಂತೆ ಆಗಲಿ ಎಂದರು. ಅಂಗಳದಲ್ಲಿ ಎರಡು ಗುಂಪು. ಎಲ್ಲರ ಕಣ್ಣು ರಾಯಪ್ಪನ ಮೇಲೆ. ಅಂದು ಕಾಗದ ಓದಿದಾಗ ನೋಡಿದಂತೆಯೇ ನೋಡುತ್ತಿದ್ದರು.

ಅವನು ಎದ್ದ.

“ಜಾಗಾ ಹೇಳೋದಕ್ಕ ಮೊದಲ ಒಂದು ಮಾತು ಅದ,” ಎಂದ. “ಆ ಕಾಗದದಾಗ ಬೀಗ ಹಾಕ್ತಾರ ಅಂತ ಬರದಿತ್ತು. ಬರದವ ನಾನ. ಓದೋ ಮುಂದ ಆ ಸಾಲು ಬಿಟ್ಟೆ. ಜೋಜಪ್ಪ ಏನೂ ಸೇರಿಸಿಲ್ಲ.”

ಮಂಜು ಕರಗಿತ್ತು. ಬಿಸಿಲು ಎಲ್ಲರ ಮುಖದ ಮೇಲೂ ಒಂದೇ ಸಮ ಬಿದ್ದಿತ್ತು. ಯಾರಾದರೂ ಹೊಡೆಯುತ್ತಾರೆ ಎಂದುಕೊಂಡ. ಹೊಡೆದಿದ್ದರೆ ಚೆನ್ನಾಗಿತ್ತು ಎಂದೂ ಅನಿಸಿತು.

ಸವೇರಪ್ಪ ನೆಲ ನೋಡುತ್ತ ಅಂದರು:

“ಏಳು ವರ್ಷ ನಾ ಇಂವನ್ನ ಬೈದೆ.”

“ಭಾಳ ಬೈದ್ರಿ,” ಎಂದ ಜೋಜಪ್ಪ.

“ನಿಮ್ಮವ್ವನ್ನೂ ಬೈದೆ.”

“ಅದೂ ಕೇಳಿಸ್ತು.”

ಸವೇರಪ್ಪ ರಾಯಪ್ಪನತ್ತ ತಿರುಗಲಿಲ್ಲ. “ಆಕಿಗೆ ಗೊತ್ತಿತ್ತೇನು?” ಎಂದು ಮಾತ್ರ ಕೇಳಿದರು. ಗೊತ್ತಿತ್ತು ಎಂದ ರಾಯಪ್ಪ. ಮುದುಕ ರುಮಾಲು ಬಿಚ್ಚಿ ಮುಖವನ್ನೆಲ್ಲ ಅದರಲ್ಲಿ ಹುದುಗಿಸಿ ಕುಳಿತುಬಿಟ್ಟರು.

ಎಲ್ಲಿ ಎಂದು ಫಾದರ್ ಮೆತ್ತಗೆ ಕೇಳಿದರು. ಅಕ್ಕ ಎಂದೂ ಹೇಳಿರಲಿಲ್ಲ. ಎಲ್ಲಾದರೂ ಮಣ್ಣೇ, ಹೊರುವವರು ಜಗಳವಾಡಬಾರದು ಎಂದಷ್ಟೇ ಒಮ್ಮೆ ಅಂದಿದ್ದಳು. ರಾಯಪ್ಪ ಅಂಗಳದ ಅಂಚಿನಲ್ಲಿ ಗೋಡೆ ಹಿಡಿದು ನಿಂತ ಮುದುಕಿಯರನ್ನು ನೋಡಿದ. ಅವರನ್ನು ಬಸ್ಸು ಹತ್ತಿಸುವವಳು ಒಳಗೆ ಮಲಗಿದ್ದಳು.

“ಇಲ್ಲೇ ಇರಲಿ. ಚಿಕ್ಕ ಗುಡಿ ಹಿಂದ. ಇವರೆಲ್ಲಾ ನಡದು ಬರಬೇಕಲ್ಲ.”

ತನ್ನ ಬಾಯಿಂದ ಇಷ್ಟು ಸಣ್ಣ ಮಾತು ಇಷ್ಟು ಬೇಗ ಬಂದದ್ದಕ್ಕೆ ಅವನಿಗೇ ಆಶ್ಚರ್ಯವಾಯಿತು. ಸರಿಯೋ ತಪ್ಪೋ ಎಂಬುದು ಎಂದಿನಂತೆ ಹಿಂದೆಯೇ ಬಂತು. ಜೋಜಪ್ಪ ತನ್ನ ಅಂಗೈಯ ಬೊಬ್ಬೆಗಳನ್ನು ನೋಡಿಕೊಂಡ. ಬೆಳಗಿನ ಜಾವದಿಂದ ಏಳು ಜನ ಅಗೆದ ಕುಣಿ ಎಂಟು ಕಿಲೋಮೀಟರ್ ಆಚೆ ತೆರೆದಿತ್ತು.

“ಅದನ್ನ ನಾವ ಹೋಗಿ ಮುಚ್ತೀವಿ,” ಎಂದ.

ಸವೇರಪ್ಪ ರುಮಾಲಿನಿಂದ ಮುಖ ಎತ್ತಿದರು. “ನೀವ ಹ್ಯಾಂಗ ಮುಚ್ತೀರಿ? ನಮ್ಮ ಕೇರಿ ಮಗಳ ಹೆಸರಲೆ ತೋಡಿದ ಕುಣಿ. ಕಲ್ಲು ನಾ ತರ್ತೀನಿ.”

*

ಆಗ್ನೇಸವ್ವನನ್ನು ಮಧ್ಯಾಹ್ನ ಮಣ್ಣು ಮಾಡಿದರು. ನಾಲ್ಕು ಗಂಟೆಯ ಬಸ್ಸಿಗೆ ಇಪ್ಪತ್ತು ಜನ ಸಲಿಕೆ ಬುಟ್ಟಿ ಸಮೇತ ಹತ್ತಿದರು. ಸವೇರಪ್ಪ ಕಿಟಕಿಯ ಪಕ್ಕ ಕುಳಿತರು. ತೊಡೆಯ ಮೇಲೆ, ಬಿಳಿ ಬಟ್ಟೆಯಲ್ಲಿ ಸುತ್ತಿದ ಗಣಿಯ ಕಲ್ಲು. ಕಂಡಕ್ಟರ್ ಬಗ್ಗಿ ನೋಡಿ ಕೂಸಿಗೆ ಎಷ್ಟು ತಿಂಗಳು ಎಂದು ಮರಾಠಿಯಲ್ಲಿ ಕೇಳಿದ. ಸವೇರಪ್ಪ ಬಟ್ಟೆಯ ಅಂಚು ಸರಿಸಿ ತೋರಿಸಿದರು. ಕಂಡಕ್ಟರ್ ಕಲ್ಲನ್ನು ನೋಡಿದ, ಎಲ್ಲರ ಕಾಲಿನ ಹಸಿ ಮಣ್ಣನ್ನು ನೋಡಿದ, ಟಿಕೆಟು ಹರಿದು ಕೊಟ್ಟು ಮುಂದೆ ಹೋದ.

ದೊಡ್ಡ ಗುಡಿಯ ಗೇಟಿನಲ್ಲಿ ಸವೇರಪ್ಪ ಒಂದು ಗಳಿಗೆ ನಿಂತರು. ಹಿಂದಿನವರೂ ನಿಂತರು. ಅವರು ಚಪ್ಪಲಿ ಬಿಟ್ಟು, ಕಲ್ಲನ್ನು ಎದೆಗೆ ಹಿಡಿದು ಒಳಗೆ ನಡೆದರು.

ಕುಣಿ ಅಚ್ಚುಕಟ್ಟಾಗಿತ್ತು. ಮುದುಕ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಗೋಡೆಯ ಮೇಲೆ ಅಂಗೈ ಆಡಿಸಿ ನೋಡಿದರು. “ನೀಟ ಇಳಿಸೀರಿ,” ಎಂದರು ಜೋಜಪ್ಪನಿಗೆ. ಅವನು ತಲೆ ಕೆಳಗೆ ಹಾಕಿದ. ಕಲ್ಲನ್ನು ಹಗ್ಗದಲ್ಲಿ ಇಳಿಸಿದರು. ಯಾರು ಯಾವ ಕಡೆಯವರೆಂದು ನೋಡದೆ ಸಲಿಕೆಗಳು ಏಳತೊಡಗಿದವು.

ಸಡಿಲು ಮಣ್ಣು ಕುಣಿ ತುಂಬಿ ಮೇಲೆ ದಿಬ್ಬವಾಗಿ ನಿಂತಿತು. ದಿಬ್ಬ ಬಿಡಬೇಡಿ, ನಾಳೆ ಯಾರಾದರೂ ಗೋರಿ ಎಂದು ಹೂವು ಇಟ್ಟಾರು ಎಂದ ಕಾವಲುಗಾರ. ಕಲ್ಲು ಮಣ್ಣಿನ ಕೆಲಸದವರಿಗೆ ಅದನ್ನು ಹೇಳಿಕೊಡಬೇಕಿರಲಿಲ್ಲ. ಸವೇರಪ್ಪ ಧೋತರ ಎತ್ತಿ ಕಟ್ಟಿ ದಿಬ್ಬದ ಮೇಲೆ ಹತ್ತಿ ಬರಿಗಾಲಿನಲ್ಲಿ ತುಳಿಯತೊಡಗಿದರು. ಜೋಜಪ್ಪ ಹತ್ತಿದ. ಅವನ ಹಿಂದೆ ಒಬ್ಬೊಬ್ಬರೇ ಹತ್ತಿದರು. ಗೋರಿಯ ಮೇಲೆ ಕಾಲಿಡಬಾರದು, ಆದರೆ ಇದರೊಳಗೆ ಯಾರೂ ಇರಲಿಲ್ಲ. ಆರಡಿ ಉದ್ದ, ಮೂರಡಿ ಅಗಲ. ಅಷ್ಟು ಜನ ಹಿಡಿಸಬೇಕಾದರೆ ಹೆಗಲು, ಸೊಂಟ, ರಟ್ಟೆ, ಸಿಕ್ಕಿದ್ದನ್ನು ಹಿಡಿದುಕೊಳ್ಳಬೇಕಾಯಿತು. ಸಂಜೆಯ ಬಿಸಿಲಿನಲ್ಲಿ ಮೊಣಕಾಲಿನವರೆಗೆ ಧೂಳು ಎದ್ದು ಕಾಲುಗಳು ಯಾರವೆಂದು ತಿಳಿಯದಂತಾಯಿತು. ಎಡ, ಬಲ, ಎಡ, ಬಲ. ನೆಲ ಮೆಲ್ಲಗೆ ಕುಸಿಯುತ್ತಿತ್ತು, ಅವರೆಲ್ಲ ಒಟ್ಟಿಗೆ ತುಸು ತುಸುವೇ ಕೆಳಗಿಳಿಯುತ್ತಿದ್ದರು.

ರಾಯಪ್ಪ ಅಂಚಿನಲ್ಲಿ ಖಾಲಿ ಬುಟ್ಟಿ ಹಿಡಿದು ನಿಂತಿದ್ದ. ಸವೇರಪ್ಪ ಅವನತ್ತ ನೋಡಲಿಲ್ಲ. ತುಳಿಯುತ್ತಲೇ ಒಂದು ಕಾಲನ್ನು ಒಳಕ್ಕೆ ಸರಿಸಿ, ಒಂದು ಪಾದ ಇಡುವಷ್ಟು ಜಾಗ ಬಿಟ್ಟರು.