ಅಮ್ಮನ ದನಿಯ ಪರೀಕ್ಷೆ

"ಇನ್ನೊಂದ್ಸಲ ಹೇಳಮ್ಮ, ಇದೇ ಲಾಸ್ಟು," ಎಂದು ಶಶಿಕಾಂತ್ ಮೈಕನ್ನು ತಾಯಿಯ ಬಾಯಿಯ ಹತ್ತಿರ ತಂದ.

"ನಾನು ಕಣೋ, ಅಮ್ಮ. ಬೇಗ ಮನೆಗೆ ಬಾ," ಎಂದು ಕಮಲಾದೇವಿ ಗದರಿದಂತೆಯೇ ಹೇಳಿದರು.

ಮಗ ಕಾಲೇಜಿನಲ್ಲಿ ಕಂಪ್ಯೂಟರ್ ಪ್ರೊಫೆಸರ್. ಇನ್ನೊಬ್ಬರ ದನಿ ಕದ್ದು ಫೋನು ಮಾಡಿ ಮೋಸ ಮಾಡುವವರನ್ನು ಹಿಡಿಯಲು ಯಂತ್ರಕ್ಕೆ ಕಲಿಸುತ್ತಿದ್ದಾನಂತೆ. ಅಸಲಿ ಯಾವುದು, ನಕಲಿ ಯಾವುದು ಎಂದು ಅದೇ ಹೇಳಬೇಕಂತೆ. ಒಳ್ಳೆಯ ಕೆಲಸವೇ, ಯಾರು ಬೇಡವೆಂದರು? ಪದ್ಮನಾಭನಗರದ ಅವರ ಬೀದಿಯ ಹೆಂಗಸರೆಲ್ಲ ಹೋದ ವರ್ಷವೇ ದನಿ ಕೊಟ್ಟಿದ್ದರು. ಆದರೆ ಪಕ್ಕದ ಮನೆಯ ಲಕ್ಷ್ಮಮ್ಮನದು ಒಂದೇ ಸಲಕ್ಕೆ ಮುಗಿದಿತ್ತು. ತನ್ನದು ಮಾತ್ರ ದಿನಾ ಬೆಳಿಗ್ಗೆ, ಅದೂ ಈ ಯುಗಾದಿಯಿಂದ ಗಣೇಶನ ಹಬ್ಬದವರೆಗೆ! ಇವನು ಏನೋ ಮುಚ್ಚಿಡುತ್ತಿದ್ದಾನೆ ಎಂಬ ಗುಮಾನಿ ಎದೆಯಲ್ಲಿ ಕೂತುಬಿಟ್ಟಿತ್ತು. ತಾನು ಸತ್ತ ಮೇಲೆ ಕೇಳಲೆಂದು ಕೂಡಿಡುತ್ತಿದ್ದಾನೋ ಏನೋ ಎಂಬ ಹೆದರಿಕೆ ಬೇರೆ.

ಪರದೆಯ ಮೇಲೆ ಏನೋ ಕೆಂಪಗೆ ಮಿನುಗಿತು. ಶಶಿಕಾಂತ್ ಥಟ್ಟನೆ ಲ್ಯಾಪ್‌ಟಾಪ್ ಮುಚ್ಚಿದ.

"ತೆಗಿ ಅದನ್ನ. ಏನಂತೆ ನಿನ್ನ ಮಿಷಿನ್ನು?"

"ಏನಿಲ್ಲಮ್ಮ. ಸಾಫ್ಟ್‌ವೇರ್ ಪ್ರಾಬ್ಲಮ್ಮು."

"ಹೆತ್ತೋಳ ಹತ್ರಾನೇ ಸುಳ್ಳು ಹೇಳ್ತೀಯಾ?"

ಅವನು ಕಣ್ಣು ತಪ್ಪಿಸಿದ. "ನಿನ್ನ ದನಿ ನಕಲಿ ಅಂತಿದೆ. ಹೋದ ವರ್ಷದ ರೆಕಾರ್ಡಿಂಗಿಗೆ ಮ್ಯಾಚ್ ಆಗ್ತಿಲ್ಲ. ಮೊದ್ಲು ಅಪರೂಪಕ್ಕೆ ಹಾಗನ್ನೋದು, ಈಗ ದಿನಾ. ಎಲ್ಲಿ ತಪ್ಪಿದೆ ಅಂತ ನಾನೂ ಪ್ರೋಗ್ರಾಂ ತಿದ್ತಾನೇ ಇದೀನಿ..."

ಕಮಲಾದೇವಿಯ ಕೈ ತಾನಾಗಿ ಕುತ್ತಿಗೆಗೆ ಹೋಯಿತು. ಗಂಟಲು ಕಟ್ಟಿಕೊಂಡಾಗಲೆಲ್ಲ ಧೂಳು ಎಂದುಕೊಂಡಿದ್ದರು. ಅನ್ನ ಸಿಕ್ಕಿಕೊಂಡರೆ ವಯಸ್ಸಾಯಿತು ಎಂದು ನೀರು ಕುಡಿದಿದ್ದರು.

"ಅಲ್ವೋ, ಇಷ್ಟು ತಿಂಗಳು ಮಿಷಿನ್ನೇ ರಿಪೇರಿ ಮಾಡ್ತಾ ಕೂತಿದ್ಯಾ? ನನ್ನ ಗಂಟಲನ್ನ ಡಾಕ್ಟ್ರಿಗೆ ತೋರಿಸ್ಬೇಕು ಅನ್ನಿಸ್ಲಿಲ್ವಾ?"

"ಮಿಷಿನ್ದೇ ತಪ್ಪಾಗಿರ್ಲಿ ಅಂತಿದ್ದೆ ಅಮ್ಮ. ಭಯ ಆಗೋಯ್ತು," ಎಂದವನೇ, ಮೀಸೆ ನರೆತ ಗಂಡಸು, ಬಿಕ್ಕಿ ಬಿಕ್ಕಿ ಅತ್ತ. ತಾಯಿಗೆ ಸಿಟ್ಟೂ ಬಂತು, ಕರುಳೂ ಚುರ್ರೆಂದಿತು. ಏಳು, ಗಾಡಿ ತೆಗಿ ಎಂದು ಸೀರೆ ಬದಲಾಯಿಸಲು ಹೋದರು.

ಸ್ಕೂಟರು ಬೀದಿಯ ತಿರುವಿಗೆ ಬಂದಾಗ ಹೂವಿನ ಕೆಂಪಕ್ಕ ಬುಟ್ಟಿಯಿಂದ ತಲೆಯೆತ್ತಿದಳು. "ಎಲ್ಲಿಗೆ ಕಮಲಮ್ಮ, ಬೆಳಬೆಳಿಗ್ಗೇನೇ?"

ದಿನಾ ಅವಳೊಂದಿಗೆ ಚೌಕಾಸಿಗೆ ನಿಲ್ಲುತ್ತಿದ್ದ ಕಮಲಾದೇವಿ ಇವತ್ತು ಗಾಡಿ ನಿಲ್ಲಿಸಗೊಡಲಿಲ್ಲ. ಮುಂದಿನ ದಾರಿಯತ್ತ ಕೈ ತೋರಿಸಿ, ಮಗನ ಭುಜವನ್ನು ಹಿಡಿದುಕೊಂಡರು.