ಸದ್ದು ಹಾಕುವ ಮನೆ

ಆ ಬೀದಿಯಲ್ಲಿ ಕನ್ನಡಿಗಳಿಗೆ ಚೌಕಟ್ಟು ಕಟ್ಟುವ ಮನೆ ಒಂದೇ. ಮುಂದಿನ ಕೋಣೆ ಅಂಗಡಿ, ಹಿಂದಿನದು ಸಂಸಾರ. ಗಿರಾಕಿಗಳಿಗಾಗಿ ಕಾಯುವ ಕನ್ನಡಿಗಳು ಎರಡೂ ಗೋಡೆಗೆ ಒರಗಿ ನಿಂತಿರುತ್ತಿದ್ದುದರಿಂದ, ಒಳಗೆ ಹೋಗುವವರು ತಮ್ಮ ಬೆನ್ನನ್ನು ತಾವೇ ನೋಡುತ್ತ ಹೋಗಬೇಕು. ಸಣ್ಣ ಸೊಸೆ ಮದುವೆಯಾಗಿ ಬಂದ ಹೊಸದರಲ್ಲಿ, "ಇರೋದು ನಾಲ್ಕೇ ಜನ, ಆದ್ರೆ ಊರಿಗೆಲ್ಲ ಕಸ ಗುಡಿಸಿದ ಹಾಗಾಗುತ್ತೆ" ಎಂದಿದ್ದಳು. ಗಂಡ ನಕ್ಕ, ಅತ್ತೆಯೂ ನಕ್ಕರು. ಹೆಂಡತಿಯನ್ನು ಕಳೆದುಕೊಂಡಿದ್ದ ಭಾವ ಮಾತ್ರ ಗಾಜು ಕೊಯ್ಯುತ್ತಲೇ ಇದ್ದ.

ಒಳ್ಳೆಯ ಜನ, ಅದನ್ನು ಮೊದಲೇ ಹೇಳಿಬಿಡಬೇಕು. ಅತ್ತೆ ಬೆಳಿಗ್ಗೆ ದೇವರಿಗೆ ಕೈಮುಗಿಯುವಾಗ ತಮಗಿಂತ ಮುಂಚೆ ಸೊಸೆಗೆ ಒಳ್ಳೆಯದಾಗಲೆಂದು ಕೇಳಿಕೊಳ್ಳುವವರು. ಕಿಟಕಿಯ ಪಕ್ಕದ ಬೆಳಕಿನ ಜಾಗವನ್ನು ಅವಳ ಹೊಲಿಗೆ ಯಂತ್ರಕ್ಕೆ ಬಿಟ್ಟುಕೊಟ್ಟವರು. ಕೆಟ್ಟ ರೂಢಿ ಕೆಟ್ಟವರ ಮನೆಯಲ್ಲಿ ಬಹಳ ದಿನ ಬಾಳುವುದಿಲ್ಲ. ಪ್ರೀತಿ ಇದ್ದಲ್ಲಿ ಅದಕ್ಕೆ ಅನ್ನ, ನೀರು, ಹಾಸಿಗೆ ಎಲ್ಲವೂ ಸಿಗುತ್ತದೆ.

ಆ ಮನೆಯ ರೂಢಿ ಹೀಗಿತ್ತು. ನೋವು ಶುರುವಾಗುವವರೆಗೆ ಹೆರಿಗೆಯ ಮಾತು, ಅದರಲ್ಲೂ ಹೆರಿಗೆ ಎಲ್ಲಿ ಎಂಬ ಮಾತು, ಯಾರ ಬಾಯಿಂದಲೂ ಬರಬಾರದು. ಬಂದರೆ ಹತ್ತಿರವಿದ್ದವರು ಕೈಗೆ ಸಿಕ್ಕ ತಟ್ಟೆಯನ್ನು ಬಡಿದು, ಮಾತು ಮುಚ್ಚಿಹೋಗುವ ಹಾಗೆ ಸದ್ದು ಹಾಕಬೇಕು.

ಸಣ್ಣ ಸೊಸೆಗೆ ಇದು ತಿಳಿದದ್ದು ಒಂದು ಮಧ್ಯಾಹ್ನ, ಒಣಗಿದ ಬಟ್ಟೆ ಮಡಿಸುತ್ತಿದ್ದಾಗ.

"ಅತ್ತೆ, ಚಿಕ್ಕಂದಿನಲ್ಲಿ ಜ್ವರ ಬಂದು ನನ್ನ ಹೃದಯದ ಕವಾಟ ಸ್ವಲ್ಪ ಹಾಳಾಗಿದೆ, ನಿಮಗೆ ಗೊತ್ತಲ್ಲ. ಮಗು ಮಾಡ್ಕೊಳ್ಳೋ ಮುಂಚೆನೇ ಸರ್ಕಾರಿ ಆಸ್ಪತ್ರೆನೋ ಖಾಸಗಿನೋ ಅಂತ—"

ಅತ್ತೆ ಪಕ್ಕದಲ್ಲಿದ್ದ ತಟ್ಟೆಯನ್ನೆತ್ತಿ ನೆಲಕ್ಕೆ ಬಡಿದರು. ಸೊಸೆ ಬಾಯಿ ಮುಚ್ಚುವವರೆಗೂ ಬಡಿಯುತ್ತಲೇ ಇದ್ದರು.

"ಏನತ್ತೆ ಇದು?"

"ಮೆಲ್ಲಗೆ ಮಾತಾಡು. ಅದು ಕೇಳಿಸ್ಕೊಳ್ಳುತ್ತೆ."

"ಯಾವುದು?"

"ಅದಕ್ಕೆ ಹೆಸರಿಲ್ಲಮ್ಮ. ಹೋಗೋ ಜಾಗ ಮುಂಚೆನೇ ಹೇಳಿಬಿಟ್ರೆ, ನಾವು ಹೋಗೋ ಹೊತ್ತಿಗೆ ಅದು ಅಲ್ಲಿ ಹೋಗಿ ಕೂತಿರುತ್ತೆ. ನೋವು ಬಂದ ಮೇಲೆ ಗಾಡಿ ಹತ್ತಿ, ಆಗ ಯಾವ ಕಡೆ ಅಂತ ಹೇಳಬೇಕು. ನಮ್ಮತ್ತೆ ಹಾಗೇ ಮಾಡಿದ್ರು, ನಾನೂ ಹಾಗೇ ಮಾಡಿದೆ. ನಿನ್ನ ಗಂಡ ಗುಂಡುಕಲ್ಲಿನ ಹಾಗೆ ಇಲ್ವಾ?"

"ಅಕ್ಕನ ವಿಷಯದಲ್ಲೂ ಹಾಗೇ ಮಾಡಿದ್ರಾ?"

ಅಕ್ಕನೆಂದರೆ ಅವಳು ಕಣ್ಣಾರೆ ಕಾಣದ ಓರಗಿತ್ತಿ, ಭಾವನ ಹೆಂಡತಿ. ನೋವು ಬಂದ ಮೇಲೆ ಅವಳನ್ನು ಹತ್ತಿರದ ಖಾಸಗಿ ಹೆರಿಗೆ ಮನೆಗೆ ಒಯ್ದಿದ್ದರು. ಇದು ನಮ್ಮ ಕೈ ಮೀರಿದ್ದು ಎಂದು ಅಲ್ಲಿಯವರು ಕಳಿಸಿದರು. ಸರ್ಕಾರಿ ಆಸ್ಪತ್ರೆಯ ದಾರಿ ಅರ್ಧ ಸವೆಯುವಷ್ಟರಲ್ಲಿ ತಾಯಿ, ಕೂಸು ಇಬ್ಬರೂ ತಣ್ಣಗಾಗಿದ್ದರು.

"ಯಾರೋ ಬಾಯಿ ಬಿಟ್ಟಿರಬೇಕು," ಅತ್ತೆ ಪಿಸುಗುಟ್ಟಿದರು. "ಇಲ್ಲದಿದ್ರೆ ಅದು ದಾರಿಗೇ ಹೇಗೆ ಬರುತ್ತೆ?"

ಸಣ್ಣ ಸೊಸೆ ಮತ್ತೆ ಮಾತೆತ್ತಲಿಲ್ಲ. ಆದರೆ ಆ ವಾರದಿಂದ ಮನೆ ಬೇರೆಯೇ ಆಯಿತು.

ಒಂದು ದಿನ ಗಂಡಸರು ಕನ್ನಡಿ ಕೂರಿಸಲು ಹೋಗಿದ್ದರು, ಅತ್ತೆ ಪಕ್ಕದ ಮನೆಯಲ್ಲಿದ್ದರು. ಹೊಲಿಯುತ್ತ ಕೂತವಳು, 'ಹೋಗಲಿ ಬಿಡು, ಹಿರಿಯರು ಹೇಳಿದ ಹಾಗೇ ಆಗಲಿ' ಎಂದುಕೊಂಡಳು. ಅಡುಗೆಮನೆಯಲ್ಲಿ ತಟ್ಟೆ ಬಡಿದ ಸದ್ದಾಯಿತು. ಎದ್ದು ಹೋದಳು. ಯಾರೂ ಇಲ್ಲ. ಗೂಡಿನಲ್ಲಿದ್ದ ತಟ್ಟೆಯ ಮೇಲೆ ಬೆರಳಿಟ್ಟರೆ, ಈಗತಾನೇ ಯಾರೋ ಕೈಬಿಟ್ಟ ಹಾಗೆ ಒಳಗೊಳಗೇ ಗುಂಯ್‌ಗುಡುತ್ತಿತ್ತು. ಬಾಗಿಲಿಗೆ ಬಂದು ಅಂಗಡಿಯತ್ತ ತಿರುಗಿದಳು. ಕನ್ನಡಿಗಳೊಳಗಿನ ಅವಳ ಬೆನ್ನುಗಳೂ ತಿರುಗಿದವು. ಅವುಗಳಲ್ಲೊಂದು ಉಳಿದವುಗಳಿಗಿಂತ ತುಸು ತಡವಾಗಿ, ಭಾರವಾದ ಬಸುರಿ ತಿರುಗುವ ಹಾಗೆ, ಸೊಂಟ ಹಿಡಿದುಕೊಂಡು ತಿರುಗಿತು.

ದೈವಭಕ್ತೆ ಅವಳು. ಕಣ್ಣು ಮುಚ್ಚಿ ದೇವರನ್ನು ನೆನೆದಳು. ತೆರೆದಾಗ ಕನ್ನಡಿಗಳಲ್ಲಿ ಅವಳೊಬ್ಬಳೇ ಇದ್ದಳು.

ಮತ್ತೆ ಮತ್ತೆ ಹಾಗಾಯಿತು. ಹೆದರಿಕೆ ತುಸು ತಗ್ಗಿದ ಮೇಲೆ ಅವಳಿಗೆ ಒಂದು ಸಂಗತಿ ಹೊಳೆಯಿತು. ಆಸ್ಪತ್ರೆಯ ಯೋಚನೆ ಮಾಡಿದಾಗ ತಟ್ಟೆ ಸದ್ದು ಮಾಡುತ್ತಿರಲಿಲ್ಲ. ಆ ಯೋಚನೆಯನ್ನು ಕೈಬಿಟ್ಟಾಗ ಮಾಡುತ್ತಿತ್ತು.

"ರೀ, ನೀವು ಗಾಜು ಕೊಯ್ದಾದ ಮೇಲೆ ಅಳತೆ ತಗೋತೀರಾ?" ಎಂದು ಗಂಡನನ್ನು ಕೇಳಿದಳು.

"ನನಗೇನು ತಲೆ ಕೆಟ್ಟಿದೆಯಾ?"

"ಹಾಗಿದ್ರೆ ನನ್ನ ವಿಷಯದಲ್ಲಿ ಯಾಕೆ ಹಾಗೆ?"

ಅವನು ಅಡುಗೆಮನೆಯ ಕಡೆ ನೋಡಿ, ದನಿ ತಗ್ಗಿಸಿ, "ಅಮ್ಮನಿಗೆ ಗೊತ್ತಾಗಬಾರದು" ಎಂದ. ಅಷ್ಟು ಸಾಕಾಯಿತು.

ಅವಳು ಮೊದಲು ಹೋದ ಖಾಸಗಿ ಹೆರಿಗೆ ಮನೆಯಲ್ಲಿ ತಿಳಿನೀಲಿ ಪರದೆ, ಕಾಲು ಚಾಚಿ ಕೂರುವ ಕುರ್ಚಿ, ನಗುಮೊಗದ ಡಾಕ್ಟರಮ್ಮ. ಪ್ರತಿ ಸಲವೂ ತಾವೇ ನೋಡುವುದಾಗಿ ಹೇಳಿದರು. ಕವಾಟದ ಮಾತು ಬಂದಾಗ ಪೆನ್ನು ಕೆಳಗಿಟ್ಟರು. "ಸುಮ್ಮನೆ ಆಸೆ ಹುಟ್ಟಿಸಲ್ಲಮ್ಮ. ಸಲೀಸಾದ ಹೆರಿಗೆ ಆಗಿದ್ರೆ ಧಾರಾಳವಾಗಿ ಬಾ ಅಂತಿದ್ದೆ. ನಿನ್ನ ಹೃದಯ ಕೈಕೊಟ್ರೆ ನಾವೂ ಸರ್ಕಾರಿ ದೊಡ್ಡಾಸ್ಪತ್ರೆಗೇ ಕಳಿಸೋದು. ಆಗ ಓಡೋ ಬದಲು ಈಗ ನಡ್ಕೊಂಡು ಹೋಗು."

ದೊಡ್ಡಾಸ್ಪತ್ರೆಯ ಗೋಡೆಯ ಬಣ್ಣ ಉದುರಿತ್ತು. ಬೆಂಚಿನಲ್ಲಿ ಒಬ್ಬರು ಎದ್ದರೆ ಇಬ್ಬರು ಕೂರುತ್ತಿದ್ದರು. "ಕಾಲು ಒಳಗೆ ಎಳ್ಕೊಳ್ರೇ, ಇದೇನು ನಿಮ್ಮ ಜಗಲಿನಾ?" ಎಂದು ಆಯಾ ಗದರುತ್ತಿದ್ದಳು. ಆದರೆ ಹೃದಯದ ವೈದ್ಯರು, ರಕ್ತದ ಸಂಗ್ರಹ, ನವಜಾತ ಶಿಶುಗಳ ವಾರ್ಡು ಎಲ್ಲವೂ ಒಂದೇ ಸೂರಿನಡಿ ಇದ್ದವು.

"ಬಸುರಾಗೋ ಮುಂಚೆ ಬಂದ್ಯಲ್ಲ, ಒಳ್ಳೇದಾಯ್ತು," ಎಂದರು ಅಲ್ಲಿನ ವೈದ್ಯರು. "ಉಸಿರು ಕಟ್ಟಿದ ಮೇಲೆ ಬರೋರೇ ಹೆಚ್ಚು. ಮೊದಲು ಕವಾಟ ನೋಡೋಣ. ಹೃದಯಕ್ಕೆ ಅಂತ ಈಗ ನುಂಗ್ತಿರೋ ಮಾತ್ರೆ ಕೂಸಿಗೆ ಆಗಲ್ಲ, ಬದಲಾಯಿಸಬೇಕು. ನಾನು ಹೂಂ ಅನ್ನೋವರೆಗೂ ಕಾಯಬೇಕು, ತಿಳೀತಾ?"

ಅಂದು ಸಂಜೆ ಎಲ್ಲರೂ ಊಟಕ್ಕೆ ಕೂತಾಗ ಅವಳು ಹೇಳಿಯೇಬಿಟ್ಟಳು. "ಅತ್ತೆ, ನಾನು ದೊಡ್ಡಾಸ್ಪತ್ರೆಗೆ ಹೋಗಿದ್ದೆ. ಹೆರಿಗೆಯಾದ್ರೆ ಅಲ್ಲೇ."

ಅತ್ತೆ ಮುಂದಿದ್ದ ತಟ್ಟೆಯನ್ನೆತ್ತಿ ಬಡಿಯತೊಡಗಿದರು. ಅನ್ನ ಚೆಲ್ಲಿತು. ಗೋಡೆಗಳು ಆ ಸದ್ದನ್ನು ಹಿಂದಕ್ಕೆ ಎಸೆದವು. ಮುಂದಿನ ಕೋಣೆಯ ಕನ್ನಡಿಗಳೆಲ್ಲ ಸಣ್ಣಗೆ ನಡುಗತೊಡಗಿದವು. ಸಣ್ಣ ಸೊಸೆ ದನಿ ಏರಿಸಿದಳು.

"ಬಡೀರಿ ಅತ್ತೆ! ಆದ್ರೆ ನಾನು ಹೇಳೋದು ನಿಲ್ಲಿಸಲ್ಲ. ಈ ಮನೇಲಿ ನನ್ನ ಮಾತು ಕೇಳಿಸೋವರೆಗೂ ನಾನು ತಾಯಿ ಆಗಲ್ಲ!"

"ಹಾಳಾದೋಳೇ, ಅದು ಅಲ್ಲಿ ಹೋಗಿ ಕೂತುಬಿಡುತ್ತೆ ಕಣೇ!" ಅತ್ತೆ ಅಳುತ್ತ ಬಡಿಯುತ್ತಿದ್ದರು.

"ಅಮ್ಮಾ."

ಭಾವನ ದನಿ. ಅಷ್ಟು ದಿನ ಗಾಜಿನ ಅಳತೆ ಹೇಳುವುದಕ್ಕಷ್ಟೇ ತೆರೆದಿದ್ದ ಬಾಯಿ. ಅವನು ತಾಯಿಯ ಕೈ ಹಿಡಿದುಕೊಂಡ.

"ನನ್ನವಳೂ ಹೇಳಿದ್ಲು ಅಮ್ಮ. ತಲೆ ಸಿಡೀತಿದೆ, ಕಣ್ಮುಂದೆ ಮಿಂಚು ಹೊಡೀತಿದೆ, ಯಾವುದಾದ್ರೂ ಆಸ್ಪತ್ರೆಗೆ ಈಗ್ಲೇ ತೋರಿಸಿ ಅಂತ ಬೇಡ್ಕೊಂಡ್ಲು. ಆಸ್ಪತ್ರೆ ಅಂದ ಕೂಡ್ಲೇ ನಾವೆಲ್ಲ ಸೇರಿ ಸದ್ದು ಹಾಕಿದ್ವಿ. ಕೊನೆಕೊನೆಗೆ ಹೇಳೋದೇ ಬಿಟ್ಟುಬಿಟ್ಲು. ಅದು ಕೇಳಿಸ್ಕೊಂಡಿತೋ ಇಲ್ವೋ ನನಗೆ ಗೊತ್ತಿಲ್ಲ. ನಾವಂತೂ ಕೇಳಿಸ್ಕೊಳ್ಳಲಿಲ್ಲ."

ಕನ್ನಡಿಗಳ ನಡುಕ ನಿಂತಿತು. ಅತ್ತೆ ಚೆಲ್ಲಿದ ಅನ್ನವನ್ನು ಬೆರಳಿನಿಂದ ಒಟ್ಟುಮಾಡತೊಡಗಿದರು.

"ಅಲ್ಲಿ ರಕ್ತ ಇಟ್ಟಿರ್ತಾರಾ?" ತಲೆಯೆತ್ತದೆ ಕೇಳಿದರು.

"ಇಟ್ಟಿರ್ತಾರೆ ಅತ್ತೆ."

"ಕೈ ಮೀರಿದ್ದು ಅಂತ ಹೊರಗೆ ಕಳಿಸಲ್ವಾ?"

"ಉಳಿದೋರೆಲ್ಲ ಕಳಿಸೋದು ಅಲ್ಲಿಗೇ. ಮುಂದಿನ ಸಲ ನೀವೂ ಬನ್ನಿ, ನೀವೇ ಕೇಳಿ."

ಅತ್ತೆ ಒಟ್ಟುಮಾಡಿದ ಅನ್ನವನ್ನು ತಟ್ಟೆಗೆ ಹಾಕಿದರು.

"ಹಾಗಿದ್ರೆ ಅವಳನ್ನ... ಮೊದಲೇ ಅಲ್ಲಿಗೇ ಕರ್ಕೊಂಡು ಹೋಗಿದ್ರೆ..."

ಆ ಮಾತಿನ ಮೇಲೆ ಯಾರೂ ಸದ್ದು ಹಾಕಲಿಲ್ಲ.